ಹುಳುವಿನ ಪಾಲಿಗೆ ಹೋದ ಎರಡು ಕೊಡ ನೀರು

ನನ್ನ ಮೊಮ್ಮಗಳು ಸುನಂದಾ ಇವತ್ತು ಕುರಿರೋಗದ ವೈರಸ್ಸಿನ ಖಾಲಿ ಸಿಪ್ಪೆಯನ್ನು ತನ್ನ ಕೈಯಾರೆ ತಯಾರಿಸಿದ್ದಾಳೆ. ಬೀದರಿನ ಲ್ಯಾಬಿನಿಂದ ಅವಳ ಫೋನು ಬಂದಾಗ ಸಂತೋಷದಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾದದ್ದೂ ನನಗೆ ತಿಳಿಯಲಿಲ್ಲ.

ಮೂರನೇ ಇಯತ್ತೆ ಓದಿದವಳಿಗೆ ಇದೇನು ಗೊತ್ತು ಅನ್ನಬೇಡಿ. ಅದೇ ಲ್ಯಾಬಿನಲ್ಲಿ ನಾನು ಗಾಜಿನ ಸಾಮಾನು ತೊಳೆಯುವ ಅಟೆಂಡರ್ ಆಗಿದ್ದೆ. ಎರಡು ವರ್ಷ ಮಳೆ ಕೈಕೊಟ್ಟು, ನಮ್ಮೂರು ಮೆಹಕರದ ಜನ ಕೂಲಿ ಹುಡುಕಿ ಹೈದರಾಬಾದಿಗೆ ಗುಳೆ ಹೋಗಿದ್ದ ಬೇಸಿಗೆಯ ಮಾತಿದು. ಲ್ಯಾಬಿನ ವಿಜ್ಞಾನಿ, ನಮ್ಮ ಮೇಡಂ, ಫ್ಲಾಸ್ಕಿನಲ್ಲಿ ಹುಳುವಿನ ಜೀವಕೋಶ ಬೆಳೆಸುತ್ತಿದ್ದರು. ಕುರಿಗಳ ಲಸಿಕೆಗೆಂದು ಅವುಗಳೊಳಗೆ ವೈರಸ್ಸಿನ ಹೊರಸಿಪ್ಪೆ ಮಾತ್ರ ತಯಾರಾಗಬೇಕು. ಕಾಳಿಲ್ಲದ ಶೇಂಗಾ ಇದ್ದಂತೆ: ಬಿತ್ತಿದರೆ ಹುಟ್ಟದು, ಆದರೆ ಸಿಪ್ಪೆ ನೋಡಿಯೇ ಕುರಿಯ ಮೈ ವೈರಿಯ ಗುರುತು ಹಿಡಿಯುತ್ತದೆ.

ಹುಳು ಎಂದ ಮೇಲೆ ಹಸಿವಿರಬೇಕಲ್ಲ. ಜೋಳ ತಿನ್ನುವ ಜಾತಿಯದೆಂದು ಕೇಳಿ, ಜನವಾಡದ ಬಾವಿ ಹೊಲದಿಂದ ಎಳೆ ಎಲೆ ತಂದೆ. ಬಾಗಿಲಲ್ಲೇ ಮೇಡಂ ತಡೆದರು.

"ನಾಗಮ್ಮಾ, ಇವಕ್ಕ ಬಾಯಿನೇ ಇಲ್ಲ."

ಊರಲ್ಲಿ ಕಂಡಕಂಡಲ್ಲಿ ಹೊಸಕುತ್ತಿದ್ದ ಹುಳುವಿಗೆ ನಾನೇ ಮೇವು ಹೊತ್ತಿದ್ದೆ.

ಅದೇ ವಾರ ಟ್ರಾನ್ಸ್‌ಫಾರ್ಮರ್ ಸುಟ್ಟಿತು, ಜನರೇಟರೂ ಕೆಟ್ಟಿತು. ಕೋಶಗಳಿಗೆ ಇಪ್ಪತ್ತೇಳು ಡಿಗ್ರಿ ಬೇಕು. ಕೋಣೆ ಕಾದ ಹಂಚಾಗಿತ್ತು. ಬರ್ಫ ಇಟ್ಟರೆ ಚಳಿಗೆ ಸಾಯುತ್ತವೆ. ಜೀವಂತ ಕೋಶ ಉಳಿದದ್ದು ಅದೊಂದೇ ಫ್ಲಾಸ್ಕಿನಲ್ಲಿ. ಅದು ಹೋದರೆ ಮೇಡಂ ಅವರ ಇಷ್ಟು ವರ್ಷದ ಕೆಲಸವೂ ಹೋದಂತೆ.

ನಾವು ಬೇಸಿಗೆಯಲ್ಲಿ ಬೆಣ್ಣೆ ಕರಗದಂತೆ ಇಡುವುದು ನೆನಪಾಯಿತು. ದೊಡ್ಡ ಗಡಿಗೆಯಲ್ಲಿ ಸಣ್ಣ ಗಡಿಗೆ, ನಡುವೆ ಹಸಿ ಮರಳು, ಮೇಲೆ ತೊಯ್ದ ಗೋಣಿಚೀಲ. ನೀರು? ಲ್ಯಾಬಿನ ನಲ್ಲಿ ಒಣಗಿತ್ತು, ಟ್ಯಾಂಕರ್ ಬರಲು ಎರಡು ದಿನವಿತ್ತು. ಹತ್ತಿರದಲ್ಲೇ ಇದ್ದ ಮನೆಗೆ ಓಡಿ ಉಳಿದಿದ್ದ ಎರಡೂ ಕೊಡ ನೀರು ಎತ್ತಿದೆ. ನಮ್ಮ ಮನೆಯವರು ಆಗಲೇ ತಲೆಗೆ ಸಾಬೂನು ಹಚ್ಚಿಕೊಂಡು ಕೂತಿದ್ದರು.

"ಹುಳಕ್ಕ ನೀರು, ಗಂಡಗ ಬರೇ ನೊರಿ ಏನ?" ಅಂದರು.

ಟವೆಲ್ಲು ಕೊಟ್ಟು ಬಂದೆ.

ಫ್ಲಾಸ್ಕನ್ನು ಒಳಗಿನ ಗಡಿಗೆಯಲ್ಲಿಟ್ಟು, ಮೂರು ದಿನ ಗೋಣಿಚೀಲ ಆರದಂತೆ ನೀರು ಚಿಮುಕಿಸಿದೆ. ಒಳಗಿನ ಥರ್ಮಾಮೀಟರು ಇಪ್ಪತ್ತೇಳು, ಇಪ್ಪತ್ತೆಂಟು ತೋರಿಸಿತು. ಕರೆಂಟು ಬಂದ ಮೇಲೆ ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಫ್ಲಾಸ್ಕನ್ನು ಅತ್ತಿತ್ತ ಸರಿಸಿ ನೋಡಿದರು.

"ಬದಕ್ಯಾವ, ನಾಗಮ್ಮಾ."

ಅವುಗಳ ಸಂತತಿಯನ್ನೇ ಲ್ಯಾಬಿನವರು ಕಾಪಾಡಿಕೊಂಡು ಬಂದರು. ಸುನಂದಾಳ ಸಿಪ್ಪೆ ಹುಟ್ಟಿದ್ದು ಆ ಕೋಶಗಳ ಮರಿಮಕ್ಕಳಲ್ಲೇ. ಜೀವ ಸಾಕುವವರು ತಮ್ಮ ಹಸಿವು, ತಮ್ಮ ಸೆಖೆಯನ್ನು ಅಳತೆಗೋಲು ಮಾಡಬಾರದು. ಆ ಜೀವಕ್ಕೆ ಏನು ಬೇಕೆಂದು ಕೇಳಿಕೊಳ್ಳಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಇವತ್ತು ಸಂಜೆ ಸುನಂದಾ ಲ್ಯಾಬಿನಿಂದ ಮನೆಗೆ ಬಂದ ಮೇಲೆ ಎಲ್ಲರೂ ಊಟಕ್ಕೆ ಸುತ್ತ ಕೂತೆವು. ರೊಟ್ಟಿ, ಪುಂಡಿಪಲ್ಯ, ಜೊತೆಗೆ ಗೋಧಿ ಹುಗ್ಗಿ. ಸುನಂದಾ ತನ್ನ ಮುತ್ಯಾನ, ಅಂದರೆ ನಮ್ಮ ಮನೆಯವರ, ಮುಂದೆ ನೀರಿನ ತಂಬಿಗೆ ಇಟ್ಟಳು.

"ಮೊದಲ ಹುಳಕ್ಕ ಬೇಕೇನು ಕೇಳವ್ವಾ," ಅಂದರು ಅವರು. "ಉಳಿದರ ನಾ ಕುಡಿತೇನಿ."

ನಾನು ಕರಕಾದ ರೊಟ್ಟಿಯನ್ನು ಅವರ ತಟ್ಟೆಗೇ ಹಾಕಿದೆ. ನಗುತ್ತಲೇ ಮುರಿದು ತಿಂದರು.