ಬೆಕ್ಕಿನ ಅಳತೆ ತೆಗೆಯುವ ತಾಯಮ್ಮ

ಬೆಳಗಿನ ಆರು ಗಂಟೆ. ವಿಮಾನ ನಿಲ್ದಾಣದ ಬಗಲಿನ ಊರು ಡೆಸ್ ಪ್ಲೇನ್ಸ್‌ನ ವರ್ಕ್‌ಶಾಪಿನ ಮೇಲೆ ವಿಮಾನವೊಂದು ಇಳಿಯಲು ತಗ್ಗಿದೆ, ಕಿಟಕಿ ಗಾಜು ಗಡಗಡ ಎನ್ನುತ್ತಿದೆ. ತಾಯಮ್ಮ ತಲೆ ಎತ್ತುವುದಿಲ್ಲ. ಕೊರಳಲ್ಲಿ ಟೈಲರ್ ಟೇಪು, ಕೈಗೆ ನೀಲಿ ಗ್ಲೌಸು. ಮೇಜಿನ ಮೇಲೆ ಕಂದು ಬಟ್ಟೆಯ ಪಟ್ಟಿಗಳಲ್ಲಿ ಸುತ್ತಿದ, ಮೊಳಕ್ಕಿಂತ ಗಿಡ್ಡನೆಯ ಗಂಟೊಂದು ಮಲಗಿದೆ. ತುದಿಯಲ್ಲಿ ಬೆಕ್ಕಿನ ಮುಖ, ಬಟ್ಟೆಯಲ್ಲೇ ಮಡಿಚಿದ ಎರಡು ಕಿವಿ. ಈಜಿಪ್ಟಿನ ಬೆಕ್ಕಿನ ಮಮ್ಮಿ. ವಯಸ್ಸು ಎರಡು ಸಾವಿರದ ಮುನ್ನೂರು ವರ್ಷ.

“ಕತ್ತು ಆರೂವರೆ ಇಂಚು,” ಎಂದು ತಮಗೆ ತಾವೇ ಹೇಳಿಕೊಂಡು ಬರೆದುಕೊಳ್ಳುತ್ತಾರೆ. ಟೇಪು ಬಟ್ಟೆಗೆ ತಾಗುವುದಿಲ್ಲ, ಕೂದಲೆಳೆಯಷ್ಟು ದೂರ ನಿಲ್ಲುತ್ತದೆ. “ಬಸುರಿ ಹೆಂಗಸ್ರಿಗೆ ಬ್ಲೌಸ್ ಅಳತೆ ತಗೊಳೋವಾಗಲೂ ಹಿಂಗೇ. ಬಿಗಿ ಹಿಡೀಬಾರದು.”

ಮ್ಯೂಸಿಯಂಗಳ ವಸ್ತುಗಳು ಊರೂರು ತಿರುಗುವಾಗ ಅವಕ್ಕೆ ಪೆಟ್ಟಿಗೆ ಮಾಡಿಕೊಡುವ ಜಾಗವಿದು. ಒಳಗಿನ ಫೋಮಿನ ಹಾಸಿಗೆ ಕತ್ತರಿಸುವುದು ಐವತ್ತೊಂಬತ್ತರ ತಾಯಮ್ಮನ ಕೆಲಸ. ಮೈಸೂರಿನ ನಜರಬಾದಿನಲ್ಲಿ ಹೊಲಿಗೆ ಮಷಿನ್ ತುಳಿದ ಕಾಲು, ಈಗ ದಿನಕ್ಕೆ ಎಂಟು ಗಂಟೆ ಸಿಮೆಂಟ್ ನೆಲದ ಮೇಲೆ ನಿಲ್ಲುತ್ತದೆ. ವಿಮಾನ ನಿಲ್ದಾಣದಲ್ಲಿ ಲಗೇಜ್ ಎತ್ತುವ ಕೆಲಸದಲ್ಲಿ ಗಂಡನ ಬೆನ್ನು ಕೆಟ್ಟಾಗ ಇಲ್ಲಿ ಸೇರಿದರು, ಹದಿನೆಂಟು ವರ್ಷವಾಯಿತು. ದಿನಕ್ಕೆ ಎರಡು ಹಾಸಿಗೆ. ಇಷ್ಟು ವರ್ಷದಲ್ಲಿ ಒಡೆದದ್ದು ಒಂದೇ, ಒಂದು ಟೀ ಪಾಟಿನ ಮೂತಿ. ಅದನ್ನು ಈಗಲೂ ನೆನೆಸಿಕೊಂಡು ಮುಖ ಸಣ್ಣ ಮಾಡುತ್ತಾರೆ. ಪ್ರದರ್ಶನದ ಗೋಡೆಯ ಮೇಲೆ ಎಲ್ಲರ ಹೆಸರೂ ಇರುತ್ತದೆ, ಇವರದು ಇರುವುದಿಲ್ಲ.

ಈ ವಾರದ ಪೆಟ್ಟಿಗೆಗಳು ಇನ್ನೂರೆಂಬತ್ತು ಮೈಲಿ ದಾಟಿ ಡೆಟ್ರಾಯಿಟ್ ಕಡೆಯ ಪ್ರದರ್ಶನಕ್ಕೆ ಹೋಗಬೇಕು. ಒಂದರಲ್ಲಿ ಈ ಗಂಟು, ಇನ್ನೊಂದರಲ್ಲಿ ಬೆಕ್ಕಿನ ತಲೆಯ ದೇವಿ ಬಾಸ್ಟೆಟ್‌ಳ ಗೇಣುದ್ದದ ಕಂಚಿನ ಮೂರ್ತಿ. ಮ್ಯೂಸಿಯಂ ಕಡೆಯಿಂದ ಬಂದಿರುವ, ಇಲ್ಲೇ ಹುಟ್ಟಿದ ಕನ್ನಡದ ಹುಡುಗಿ ಮಾಳವಿಕಾ ವಿವರಿಸುತ್ತಾಳೆ.

“ಆಂಟಿ, ಇವಳು ಫಸ್ಟ್ ಲಯನ್ ಆಗಿದ್ದಳು, ಆಮೇಲೆ ಕ್ಯಾಟ್ ಆದಳು. ಕೈಯಲ್ಲಿ ಗಿಲಕಿ ಥರ ಇದೆ ನೋಡಿ. ಕಾಲ ಹತ್ರ ಕಿಟನ್ಸ್. ಪ್ರೆಗ್ನೆಂಟ್ ಲೇಡೀಸ್‌ನ ಕಾಪಾಡ್ತಾಳೆ.”

“ಸರಿಯಮ್ಮ. ಮತ್ತೆ ಬೆಕ್ಕಿನ ಹೆಣ ಯಾಕೆ ಅವಳಿಗೆ?”

“ಹರಕೆ. ಅದಕ್ಕೇ ಅಂತ ಸಾಕಿ, ಚಿಕ್ಕದ್ರಲ್ಲೇ...” ಮಾಳವಿಕಾ ಕತ್ತು ತಿರುಚುವಂತೆ ಕೈ ಆಡಿಸುತ್ತಾಳೆ.

“ಮರಿ ಕಾಯೋಳಿಗೆ ಮರೀನೇ ಕೊಂದು ಕೊಡೋದಾ? ನನ್ನ ತಲೆಗೆ ಹತ್ತಲ್ಲ ಬಿಡು.”

ತಲೆಗೆ ಹತ್ತದ್ದು ಇನ್ನೂ ಒಂದಿದೆ. ನಾಡಿದ್ದು ಶನಿವಾರ ಮಗಳು ತನ್ಮಯಿಯ ಸೀಮಂತ. ಎರಡು ಸಲ ಬಸಿರು ಕಳೆದುಕೊಂಡು ಮೂರನೆಯ ಸಲ ಏಳು ತಿಂಗಳು ತುಂಬಿದೆ. ಮೊದಲ ಬಳೆ ತಾವೇ ತೊಡಿಸಬೇಕೆಂದು ತಾಯಮ್ಮ ಮೈಸೂರಿನಿಂದ ಹಸಿರು ಬಳೆ ತರಿಸಿದ್ದಾರೆ. ಈ ವಾರದ ಕೆಲಸದ ಸುದ್ದಿ ಕೇಳಿದ ಬೀಗಿತ್ತಿ ಛಾಯಾ ಫೋನಿನಲ್ಲಿ ಹೇಳಿದ್ದು ಬೇರೆ: “ಹೆಣ ಮುಟ್ಟಿದ ಕೈಲಿ ಬೇಡ ರೀ. ನೀವು ಬನ್ನಿ, ಊಟ ಮಾಡಿ. ತೊಡಿಸೋದು ಮಾತ್ರ ಬೇಡ.”

ಕೆಲಸ ಬೇರೆಯವರಿಗೆ ಬಿಟ್ಟರೆ ಬಟ್ಟೆಯ ಕಿವಿ ಪುಡಿಯಾದೀತು. ಪುರೋಹಿತ ಬದರೀನಾಥರನ್ನು ಫೋನಿನಲ್ಲಿ ಕೇಳಿದ್ದಾಯಿತು.

“ಸತ್ತು ಎಷ್ಟು ದಿನ ಆಯ್ತಮ್ಮ?”

“ಎರಡು ಸಾವಿರದ ಮುನ್ನೂರು ವರ್ಷ.”

ಆ ಕಡೆ ಪಂಚಾಂಗದ ಹಾಳೆ ಮಗುಚುವ ಸದ್ದು. “ನಿಮ್ಮ ಕಡೆಯವರಾ?”

“ಬೆಕ್ಕು, ಸ್ವಾಮಿ.”

“ನೋಡಿ ಹೇಳ್ತೀನಿ,” ಎಂದವರು ಇನ್ನೂ ನೋಡುತ್ತಲೇ ಇದ್ದಾರೆ.

ಇಷ್ಟರಲ್ಲಿ ಮಾಳವಿಕಾ ಲ್ಯಾಪ್‌ಟಾಪ್ ತಿರುಗಿಸಿ ಗಂಟಿನ ಸ್ಕ್ಯಾನ್ ತೋರಿಸುತ್ತಾಳೆ. ಒಳಗೆ ಬೆಕ್ಕಿಲ್ಲ. ಮಣ್ಣು, ಹುಲ್ಲು, ಕಾಲಿನದೊಂದು ಮೂಳೆ. “ಇಂಥವು ತುಂಬ ಸಿಕ್ಕಿದೆ ಆಂಟಿ. ಹರಕೆ ಕೊಟ್ಟೋರಿಗೆ ಗೊತ್ತಿತ್ತೋ ಇಲ್ವೋ, ನೋಬಡಿ ನೋಸ್.”

ತಾಯಮ್ಮ ಸ್ಟೂಲಿನ ಮೇಲೆ ಕೂರುತ್ತಾರೆ. “ಒಂದು ಮೂಳೆ ಮುಟ್ಟಿದ್ದಕ್ಕೆ ಎಷ್ಟು ಮೈಲಿಗೆ ಅಂತ ಲೆಕ್ಕ? ಗ್ಲೌಸ್ ಬೇರೆ ಹಾಕ್ಕೊಂಡಿದೀನಿ.” ಎದ್ದು ಚಾಕು ಹಿಡಿಯುತ್ತಾರೆ. ಎಡಗಿವಿ ಒಂದು ನೂಲು ಓರೆ ಇರುವುದರಿಂದ ಫೋಮಿನಲ್ಲಿ ಎರಡು ಕಿವಿಗೂ ಬೇರೆ ಬೇರೆ ಗುಳಿ. ಆಮೇಲೆ ಎರಡೂ ಕೈಯಲ್ಲಿ, ಎಳೆಗೂಸನ್ನು ಎತ್ತುವಂತೆ, ಕತ್ತಿನಡಿ ಅಂಗೈ ಕೊಟ್ಟು ಗಂಟನ್ನು ಮಲಗಿಸುತ್ತಾರೆ.

ಶನಿವಾರ ಸ್ಕೋಕಿಯಲ್ಲಿ ಮಗಳ ಮನೆ ತುಂಬ ಜನ. ತಾಯಮ್ಮ ಬಳೆ ಡಬ್ಬ ಹಿಡಿದು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಾರೆ. ಛಾಯಾ ಹತ್ತಿರ ಬರುತ್ತಾರೆ.

“ಕೊನೆಗೆ ಆ ಬೆಕ್ಕು ಏನಾಯ್ತು?”

“ಒಳಗೆ ಬೆಕ್ಕೇ ಇರಲಿಲ್ಲ. ಮಣ್ಣು, ಒಂದು ಮೂಳೆ.”

“ಮಣ್ಣಾ? ಮತ್ತೇನು, ಕೈ ತೊಳಕೊಂಡ್ರೆ ಆಯ್ತು, ಬನ್ನಿ.”

ತಾಯಮ್ಮ ಕದಲುವುದಿಲ್ಲ. “ಸುಳ್ಳು ಹೇಳಲಾರೆ ಛಾಯಾ ಅವರೇ. ಮಣ್ಣು ಅಂತ ಗೊತ್ತಾದ ಮೇಲೂ ನಾನು ಬೆಕ್ಕು ಅಂತಾನೇ ಮಲಗಿಸಿದ್ದು.”

ಕುರ್ಚಿಯಿಂದ ತನ್ಮಯಿ ಕೈ ಚಾಚಿದ್ದಾಳೆ. “ಅಮ್ಮ, ಕೈ ನೋಯ್ತಿದೆ. ಇನ್ನೂ ಎಷ್ಟೊತ್ತು ಹಿಡ್ಕೊಂಡಿರ್ಲಿ?”

ಛಾಯಾ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಬಳೆ ಬಿಗಿಯೇ. ಆದರೂ ತಾಯಮ್ಮನ ಕೈಯಲ್ಲಿ ಒಂದೂ ಒಡೆಯುವುದಿಲ್ಲ.

ಡೆಟ್ರಾಯಿಟ್ ಕಡೆ ಪೆಟ್ಟಿಗೆ ಸೋಮವಾರ ತೆರೆಯುತ್ತಾರೆ. “ಫೋಟೋ ಕಳಿಸು ಅಂದಿದೀನಿ ಮಾಳವಿಕಾಗೆ,” ಎನ್ನುತ್ತಾರೆ ತಾಯಮ್ಮ, ಊಟದ ಎಲೆಯ ಮುಂದೆ ಕೂತು. “ಆ ಎಡಗಿವಿ ನೋಡಬೇಕು. ನೆಟ್ಟಗಾಗಿರಬಾರದು. ಮೊದಲು ಹೆಂಗೆ ಓರೆ ಇತ್ತೋ ಹಂಗೇ ಇರಬೇಕು.”