ಇಮ್ತಿಯಾಜನ ಇಟಾಲಿಯನ್ ಕಾರು

ಮೊನ್ನೆ ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನ ಸೂಪರ್‌ಮಾರ್ಕೆಟ್ ಪಾರ್ಕಿಂಗಿನಲ್ಲಿ ಹಳೆಯದೊಂದು ಇಟಾಲಿಯನ್ ಕಾರು ನಿಂತಿತ್ತು. ಎರಡೇ ಸೀಟು, ಎತ್ತರ ನನ್ನ ಸೊಂಟಕ್ಕೂ ಬಾರದು. ಹಸಿ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಸಿಟ್ಟೆಲ್ಲ ನೆತ್ತಿಗೇರಿತು.

ನಿಮಗೆ ಇಮ್ತಿಯಾಜ್ ಗೊತ್ತಿಲ್ಲ, ಪುಣ್ಯವಂತರು. ಧಾರವಾಡದವನು, ಆಕ್ಲೆಂಡಿನಲ್ಲಿ ಓದುವಾಗ ನನ್ನ ಫ್ಲ್ಯಾಟ್‌ಮೇಟ್. ಪೆನ್‌ರೋಸ್‌ನ ಗೋದಾಮೊಂದರಲ್ಲಿ ಪಾರ್ಟ್‌ಟೈಮ್ ದುಡಿಯುತ್ತಿದ್ದ. ಬುದ್ಧಿ ನೆಟ್ಟಗಿದ್ದವರೆಲ್ಲ ಹಳೆಯ ಜಪಾನಿ ಕಾರು ಕೊಳ್ಳುತ್ತಿದ್ದರೆ, ಇವನು ತುಕ್ಕು ಹಿಡಿದ ಇಂಥದೇ ಒಂದನ್ನು ಟ್ರೇಲರಿನಲ್ಲಿ ಹೇರಿಕೊಂಡು ಬಂದು ನಮ್ಮ ಗ್ಯಾರೇಜಿಗೆ ತುಂಬಿದ. ನನ್ನ ಸೈಕಲ್ಲು ಮಳೆಯ ಪಾಲಾಯಿತು.

ಅದು ಸಾಲದೆಂಬಂತೆ ಆ ಕಾರಿನ ಚರಿತ್ರೆ ಬೇರೆ. ಅನ್ನಕ್ಕೆ ಸಾರು ಕಲೆಸುವಷ್ಟರಲ್ಲಿ ಶುರು ಮಾಡುತ್ತಿದ್ದ.

"ಮೊದಲಿಗೆ ರೇಸಿನ ಕಾರಿನಾಗ ಎಂಜಿನ್ ಡ್ರೈವರ್ ಹಿಂದ ಇಟ್ರು ನೋಡು. ಆಮ್ಯಾಲ ಶ್ರೀಮಂತರು ಅಂಥಾ ಕಾರು ರಸ್ತೇಕ್ಕ ತಂದ್ರು. ಇಟಲಿಯವರು ಏನ್ ಮಾಡಿದ್ರು? ಮನಿಮಂದಿ ಅಡ್ಡಾಡೋ ಸಣ್ಣ ಕಾರಿನ ಎಂಜಿನ್, ಗೇರ್‌ಬಾಕ್ಸ್ ಸಮೇತ ಎತ್ತಿ ಸೀಟಿನ ಹಿಂದ ಇಟ್ರು. ನಮ್ಮಂಥೋರಿಗೂ ಸ್ಪೋರ್ಟ್ಸ್ ಕಾರ್ ಸಿಕ್ತು."

ನಾನು ಹೂಂಗುಟ್ಟುತ್ತಿದ್ದೆ. ವರ್ಷವಿಡೀ ಹೂಂಗುಟ್ಟಿದೆ. ಮನುಷ್ಯನ ತಾಳ್ಮೆಗೂ ಒಂದು ಮಿತಿ ಇದೆಯಲ್ಲ?

ಕೊನೆಗೆ ಮನೆ ಓನರನ ತಾಳ್ಮೆ ಕೂಡ ತಪ್ಪಿತು. ಶನಿವಾರ ಮಧ್ಯಾಹ್ನದೊಳಗೆ ಕಾರು ತಾನಾಗಿ ಓಡಿ ಗೇಟು ದಾಟಬೇಕು, ಇಲ್ಲವೇ ಗುಜರಿ ಲಾರಿ ಬರುತ್ತದೆ ಎಂದ. ಇಮ್ತಿಯಾಜ್ ಊಟ, ತಿಂಡಿ ಬಿಟ್ಟು ಅದರಡಿ ಮಲಗಿದ. ಗುರುವಾರ ಎಂಜಿನ್ ಸ್ಟಾರ್ಟ್ ಆಯಿತು. ಗೆಳೆಯನೊಬ್ಬ ತನ್ನ ಶೆಡ್ಡಿನಲ್ಲಿ ಜಾಗ ಕೊಡುತ್ತೇನೆಂದ. ಅಲ್ಲಿವರೆಗೆ ಓಡಿಸಿಕೊಂಡು ಹೋದರೆ ಕಾರು ಉಳಿಯುತ್ತಿತ್ತು.

ಶುಕ್ರವಾರ ಆಯುಧಪೂಜೆ. ಅವನು ಕೆಲಸಕ್ಕೆ ಹೋಗಿದ್ದ. ಪಾಪ, ವರ್ಷವಿಡೀ ಬೈದಿದ್ದೇನೆ, ಒಂದು ಪೂಜೆಯನ್ನಾದರೂ ಮಾಡೋಣವೆಂದು ನಾನೇ ಕಾರು ತೊಳೆಯಲು ಇಳಿದೆ. ಬಲು ಜಾಣ ನಾನು. ಎಂಜಿನ್ನಿಗೆ ನೀರು ಬೀಳಬಾರದೆಂದು ಮುಂದಿನ ಬಾನೆಟ್ಟಿಗೆ ಪ್ಲಾಸ್ಟಿಕ್ ಹೊದಿಸಿ, ಹಿಂದಿನ, ಜಾಲರಿಯಂಥ ಸೀಳುಗಳಿದ್ದ ಮುಚ್ಚಳದ ಮೇಲೆ ಪೂಜೆಯ ನೀರನ್ನು ಬಕೆಟ್ಟುಗಟ್ಟಲೆ ಸುರಿದೆ. ಅದು ಡಿಕ್ಕಿ ತಾನೆ ಎಂದುಕೊಂಡಿದ್ದೆ.

ಮರುದಿನ ಕಾರು ಕೆಮ್ಮಿತು, ಕೆಮ್ಮಿತು, ಬ್ಯಾಟರಿ ಸತ್ತಿತು. ಇಮ್ತಿಯಾಜ್ ಹಿಂದಿನ ಮುಚ್ಚಳ ಎತ್ತಿದ. ಒಳಗೆ ಎಂಜಿನ್. ಅವನು ಬಗ್ಗಿ ಏನನ್ನೋ ಬಿಚ್ಚಿ ನೋಡಿದ, ಮತ್ತೆ ಮುಚ್ಚಿದ. ಅಷ್ಟರಲ್ಲಿ ಓನರ್ ಗಡಿಯಾರ ನೋಡಿಕೊಳ್ಳುತ್ತಾ ಲಾರಿಯನ್ನು ಒಳಗೆ ಕರೆದ. ನಾನು ಬಾಯಿ ಬಿಡಲಿಲ್ಲ. ಅಂದೂ ಬಿಡಲಿಲ್ಲ, ಆಮೇಲೂ ಬಿಡಲಿಲ್ಲ, ಹೇಡಿ.

ಮೊನ್ನೆ ಪಾರ್ಕಿಂಗಿನಲ್ಲಿ ನಿಂತಲ್ಲಿಂದಲೇ ಅವನಿಗೆ ಫೋನ್ ಮಾಡಿದೆ. ಈಗ ವೆಲ್ಲಿಂಗ್ಟನ್ನಿನ ಸರ್ಕಾರಿ ಕಚೇರಿಯೊಂದರಲ್ಲಿದ್ದಾನೆ.

"ನಿನ್ನ ಕಾರಿಗೆ ನೀರು ಹೊಯ್ದಿದ್ದು ನಾನು ಕಣೋ" ಎಂದೆ.

"ಗೊತ್ತೈತಿ" ಎಂದ. "ಸ್ಪಾರ್ಕ್ ಹಂಚೋ ಡಬ್ಬಿ ಬಿಚ್ಚಿದ್ನಿ. ಒಳಗ ಅರಿಶಿಣ ಇತ್ತು."

"ಮತ್ತೆ ಯಾಕೆ ಬೈಲಿಲ್ಲ?"

"ಪೂಜಿ ಮಾಡೀದಿ. ಬೈಲಿ ಹೆಂಗ?" ಎಂದ. "ಬ್ಯಾಸರಾಗಿದ್ದು ಕಾರು ಹೋಗಿದ್ದಕ್ಕ ಅಲ್ಲೋ. ಒಂದ್ ವರ್ಷ ದಿನಾ ಹೇಳೀನಿ ನಿನಗ. ನೀ ಒಂದ್ ದಿನಾನೂ ಕೇಳಿಲ್ಲ ಅಂತ ಅವತ್ತು ಗೊತ್ತಾತು. ಆಮ್ಯಾಲ ಯಾರಿಗೂ ಆ ಕಥಿ ಹೇಳಿಲ್ಲ ನಾ."

ನಾನು ಅಲ್ಲೇ ಟ್ರಾಲಿಗಳ ಪಕ್ಕದ ಕಟ್ಟೆಯ ಮೇಲೆ ಕುಳಿತೆ.

"ಈಗ ಹೇಳು. ಮೊದಲಿಂದ ಹೇಳು, ಕೇಳ್ತೀನಿ."

"ಈಗ ಮೀಟಿಂಗ್ ಐತಿ" ಎಂದ.