ಸೇನಾಪತಿಯ ಹರಿದ ತೋಳು

ಅಳಿಯನ ಹೆಸರೆತ್ತಿದರೆ ಸಾಕು, ಟೈಲರ್ ಮಾಸ್ಟರ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಸೂಜಿಗೆ ದಾರ ಪೋಣಿಸಲೂ ಬಾರದವನನ್ನು ಕರೆತಂದು, ಕತ್ತರಿ ಹಿಡಿಯುವುದನ್ನು ಕಲಿಸಿ, ಮಗಳನ್ನೂ ಕೊಟ್ಟಿದ್ದಾಯಿತು. ಈಗ ಅವನ ಕಣ್ಣು ಮಾವನ ಕುರ್ಚಿಯ ಮೇಲೇ. ಸ್ಟುಡಿಯೋದ ಹೊಲಿಗೆ ಕೋಣೆಯಲ್ಲಿ ಹಿರಿಯ ಟೈಲರ್‌ನ ಕುರ್ಚಿ ಇದ್ದದ್ದು ಒಂದೇ. ಈಗ ನಡೆಯುತ್ತಿದ್ದ ಹಿಂದಿ ಸಿನಿಮಾ ಮುಗಿದ ಮೇಲೆ ಅದರಲ್ಲಿ ಯಾರು ಕೂರಬೇಕೆಂದು ಡಿಸೈನರ್ ಮೇಡಂ ತೀರ್ಮಾನ ಮಾಡುವವರಿದ್ದರು.

ಸಿನಿಮಾ ರಾಜರ ಕಾಲದ್ದು. ಸೇನಾಪತಿ ಉಂಡ ಮನೆಗೇ ಎರಡು ಬಗೆದು ರಾಜನ ಬೆನ್ನಿಗೆ ಚೂರಿ ಹಾಕುತ್ತಾನೆ, ಪ್ರಜೆಗಳು ದಂಗೆ ಏಳುತ್ತಾರೆ.

"ಕಥೆ ಬರೆದವನಿಗೆ ನಮ್ಮನೆ ವಿಷಯ ಚೆನ್ನಾಗಿ ಗೊತ್ತಿರಬೇಕು" ಎಂದು ಮಾಸ್ಟರ್ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರು.

ಅಳಿಯ ಇಸ್ತ್ರಿ ಮಾಡುತ್ತಲೇ, "ಆ ರಾಜನೂ ಏನು ಸಾಚಾ ಅಲ್ಲ ಬಿಡಿ ಮಾವ" ಎನ್ನುತ್ತಿದ್ದ.

ಅಂದು ಬೆಳಿಗ್ಗೆ ಕಾಳಗದ ಶೂಟಿಂಗ್‌ನಲ್ಲಿ ಬಂಡಾಯಗಾರನ ಕತ್ತಿ ತಗುಲಿ ಸೇನಾಪತಿಯ ನಿಲುವಂಗಿಯ ಎಡತೋಳು ಭುಜದಿಂದ ಮೊಣಕೈವರೆಗೆ ಹರಿಯಿತು. ಅರ್ಧ ದೃಶ್ಯ ಹಾಗೇ ತೆಗೆದರು, ಉಳಿದರ್ಧ ಊಟದ ನಂತರ. ಅದೇ ತರಹದ ಇನ್ನೊಂದು ನಿಲುವಂಗಿ ಹಿಂದಿನ ವಾರವೇ ರಕ್ತದ ದೃಶ್ಯದಲ್ಲಿ ಹಾಳಾಗಿತ್ತು. ಅಳಿಯ ಹರಿದದ್ದನ್ನು ತಂದು ಮೇಜಿನ ಮೇಲಿಟ್ಟ.

"ಮುಟ್ಟಬೇಡಿ ಮಾವ, ಉಳಿದ ದೃಶ್ಯಕ್ಕೂ ಹೀಗೇ ಇರಬೇಕಂತೆ."

"ನನಗೇ ಪಾಠ ಹೇಳೋಕೆ ಬಂದ್ಯಾ?"

ಎಲ್ಲರೂ ಊಟಕ್ಕೆ ಹೋದರು. ಮಾಸ್ಟರ್ ಹೋಗಲಿಲ್ಲ, ಅಳಿಯನ ಏಳು ತಲೆಮಾರನ್ನೂ ಜಾಲಾಡಿಸುತ್ತಾ ಕೂತರು. ಬಾಯಿ ಬೈಯುತ್ತಿತ್ತು, ಕೈ ತನ್ನ ಪಾಡಿಗೆ ತಾನು ಹೊಲಿಯುತ್ತಿತ್ತು. ಒಳಮಡಿಕೆಯಿಂದ ಎಳೆ ಕಿತ್ತು, ನೇಯ್ದ ಹಾಗೆ ರಫೂ ಮಾಡಿ, ಗಂಟು ಹಾಕಿ ದಾರ ಕತ್ತರಿಸಿದಾಗಲೇ ಅವರಿಗೆ ಎಚ್ಚರವಾದದ್ದು. ಅಷ್ಟರಲ್ಲಿ ಮೇಡಂ ಬಾಗಿಲಲ್ಲಿದ್ದರು, ಹಿಂದೆಯೇ ಉಳಿದವರೂ.

"ಯಾರು ಹೊಲಿದಿದ್ದು ಇದನ್ನ?"

"ತಂದಿಟ್ಟವನನ್ನ ಕೇಳಿ" ಎಂದುಬಿಟ್ಟರು ಮಾಸ್ಟರ್.

ಅಳಿಯ ಮಾವನ ಮುಖ ನೋಡಿದ. "ನಾನೇ ಮೇಡಂ" ಎಂದ.

ಮೇಡಂ ಅವನ ಕೈಗೆ ಕತ್ತರಿ ಕೊಟ್ಟರು. "ಹಾಗಾದ್ರೆ ನೀನೇ ಬಿಚ್ಚು. ಬೆಳಿಗ್ಗೆ ಎಲ್ಲಿ ಹರಿದಿತ್ತೋ ಅಲ್ಲೇ ಹರಿದಿರಬೇಕು. ಒಂದೆಳೆ ಆಚೀಚೆ ಆದ್ರೂ ನಾಳೆಯಿಂದ ಬರಬೇಡ."

ಅಳಿಯ ತೋಳನ್ನು ಬೆಳಕಿಗೆ ಹಿಡಿದ, ಬೆರಳಾಡಿಸಿದ. ಹೊಲಿಗೆಯ ಗುರುತೇ ಸಿಗಲಿಲ್ಲ. ಎಲ್ಲ ವಿದ್ಯೆ ಕಲಿಸಿದ್ದ ಮಾಸ್ಟರ್ ಈ ರಫೂ ಒಂದನ್ನು ಬೇಕೆಂದೇ ಕಲಿಸಿರಲಿಲ್ಲ. ಇನ್ನೊಂದು ಗಳಿಗೆ ತುಟಿ ಬಿಚ್ಚದಿದ್ದರೆ ಕುರ್ಚಿ ಅವರದೇ, ಪೀಡೆಯೂ ತೊಲಗುತ್ತಿತ್ತು. ಅವರಿಗೆ ಒಳಗೊಳಗೇ ಖುಷಿಯೂ ಆಯಿತು. ಸುಳ್ಳೇಕೆ?

ಕತ್ತರಿಯ ತುದಿ ತಪ್ಪು ಜಾಗದಲ್ಲಿ, ಒಳ್ಳೆಯ ಜರಿಯ ಮೇಲೆ ಕೂತಿತು.

"ಅಲ್ಲಲ್ಲ! ಕತ್ತೆ, ತೆಗಿ ಕೈ!"

ಕೂಗಿದವರು ತಾವೇ ಎಂದು ಮಾಸ್ಟರ್‌ಗೆ ತಿಳಿಯುವ ಮೊದಲೇ ನಿಲುವಂಗಿ ಅವರ ತೊಡೆಯ ಮೇಲಿತ್ತು. ತೋಳಿನ ಒಳಮೈ ಹೊರಗೆ ಮಾಡಿ, ಸೂಜಿಯಿಂದ ಒಂದೆಳೆ ಎತ್ತಿ ಎಳೆದರು. ಬೆಳಗಿನ ಹರುಕು ಹಾಗೆಯೇ ಬಾಯಿ ಬಿಟ್ಟಿತು.

ಮೇಡಂ ನಿಲುವಂಗಿ ತೆಗೆದುಕೊಂಡು, ಮಾಸ್ಟರ್‌ಗೆ, "ಹೊಲಿದವರು ಯಾರಂತ ಗೊತ್ತಾಯ್ತು ಬಿಡಿ" ಎಂದು, ಅಳಿಯನಿಗೆ, "ನಾಳೆಯಿಂದ ಈ ಕೋಣೆ ನೀನು ನೋಡ್ಕೋ" ಎಂದು ಹೊರಟುಹೋದರು.

ಮಾಸ್ಟರ್ ಎದ್ದು ಚಪ್ಪಲಿ ಹುಡುಕತೊಡಗಿದರು. ಅಳಿಯ ಹತ್ತಿರ ಬಂದ.

"ನೀವು ಸುಮ್ಮನಿದ್ದಿದ್ರೂ ನಾನು ನಿಮ್ಮ ಹೆಸರು ಹೇಳ್ತಿರಲಿಲ್ಲ ಮಾವ."

"ಗೊತ್ತು ಕಣೋ. ಅದನ್ನೇ ನನಗೆ ಸಹಿಸೋಕಾಗ್ತಿಲ್ಲ."